ಅಳುಕದ ಕಣ್ಣು

ಅಸೂಟಿ
12 ಆಗಸ್ಟ್ 2024, ಶ್ರಾವಣ ಸೋಮವಾರ

ಮಗಳು ಅನ್ನಪೂರ್ಣೇಶ್ವರಿಗೆ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ರೂಢಿ ಎಂದು ಬರೆದೆ. ಎಷ್ಟು ಖರೆ, ಎಷ್ಟು ಸುಳ್ಳು ಎಂಬುದನ್ನು ನೀನೇ ತೂಗಿಕೋ.

ನನ್ನ ಕಿವಿ ಈ ವರ್ಷ ಪೂರ್ತಿ ಹೋಯಿತು. ಫೋನು ಹಿಡಿದರೆ ಡಬ್ಬಿಯೊಳಗೆ ನೊಣ ಹೊಕ್ಕಂತೆ ಕೇಳುತ್ತದೆ, ಅಷ್ಟೇ. ನಿನ್ನ ತಮ್ಮ ಶಶಿಕಾಂತ ವಾರಕ್ಕೊಮ್ಮೆ ಅಳಿಯನಿಗೆ ಫೋನು ಮಾಡುತ್ತಾನೆ. ಮಾಡಿದ ಮೇಲೆ ನನ್ನ ಕಡೆ ತಿರುಗಿ, ಆರಾಮ ಇದ್ದಾಳೆ ಎಂದು ಕೈ ಅಲ್ಲಾಡಿಸುತ್ತಾನೆ. ಐದು ತಿಂಗಳಿಂದ ನನ್ನ ಮಗಳೆಂದರೆ ಆ ಒಂದು ಕೈಸನ್ನೆ. ಅದು ಸಾಕಾಗದೆ ಈ ಹಾಳೆ ತೆಗೆದುಕೊಂಡು ಕೂತಿದ್ದೇನೆ. ಏಳನೆಯ ಇಯತ್ತೆ ಕಲಿತದ್ದು ಈಗ ಉಪಯೋಗಕ್ಕೆ ಬಂತು.

ಶಿವರಾತ್ರಿಯ ಮರುದಿನ ಹಣ್ಣಿನ ಚೀಲ ಹಿಡಿದುಕೊಂಡು ನರಗುಂದಕ್ಕೆ ಬಂದಿದ್ದೆನಲ್ಲ, ಆಗ ಬಾಗಿಲಲ್ಲಿ ನಿಂತ ಅಳಿಯ ಕಳಕಪ್ಪನವರು ಏನೋ ಅಂದರು. ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಅಂದರು. ನಾನು ನಕ್ಕೆ, ಕಿವುಡರಿಗೆ ಅದೊಂದು ಚಟ. ಆಗ ಅವರು ಕಿಸೆಯಿಂದ ಮೋಟಾರ್ ರಿಪೇರಿಯ ಬಿಲ್ಲು ತೆಗೆದು, ಅದರ ಬೆನ್ನಿನ ಮೇಲೆ ಬರೆದು ಕೈಗೆ ಕೊಟ್ಟರು. "ಅತ್ತೆಯವರೇ, ಇನ್ನು ನಮ್ಮ ಮನೆಗೆ ಬರಬೇಡಿ." ಅಕ್ಷರ ದುಂಡಗಿವೆ. ಸಿಟ್ಟಿನಲ್ಲಿ ಬರೆದವರ ಅಕ್ಷರದಂತೆ ಇಲ್ಲ. ಅದೇ ನನಗೆ ಹೆಚ್ಚು ನೋವಾಗಿದ್ದು. ಆ ಚೀಟಿ ಪುರಾಣದ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದೇನೆ. ಶ್ರಾವಣದ ತುಂಬ ಮಠದಲ್ಲಿ ಹೆಣ್ಣುಮಕ್ಕಳಿಗೆ ಪುರಾಣ ಓದುವವಳು ನಾನೇ ಅಲ್ಲವೇ, ದಿನಾ ಪುಸ್ತಕ ತೆರೆದಾಗ ಮೊದಲು ಓದುವುದು ಅದನ್ನೇ.

ಹೆಸರುಕಾಳು ಬಿಡಿಸುವ ಹಂಗಾಮು. ಕಣ್ಣಲ್ಲಿ ಕಸ ಬಿತ್ತು, ನಾಲಿಗೆಯಿಂದ ತೆಗೆದು ಕೊಡು ಎಂದು ದಿನಕ್ಕೆ ಇಬ್ಬರಾದರೂ ಬರುತ್ತಾರೆ. ಎಲ್ಲರನ್ನೂ ರೋಣದ ಸರಕಾರಿ ದವಾಖಾನೆಗೆ ಹಚ್ಚಿ ಕೊಡುತ್ತೇನೆ. ನೆರೆಮನೆಯ ಮಾನವ್ವ ನಿನ್ನೆ ನನ್ನ ಗದ್ದ ಹಿಡಿದು, ನಿನ್ನ ನಾಲಿಗೆಗೆ ತುಕ್ಕು ಹಿಡಿದಿದೆಯೇನು ಎಂದು ಕೈಮಾಡಿ ಕೇಳಿದಳು. ನಗೆಯಾಡಿದಳು, ಪಾಪ. ಅವಳಿಗೇನು ಗೊತ್ತು.

ನಾಲಿಗೆಗೆ ತುಕ್ಕು ಹಿಡಿದಿಲ್ಲ. ಬೇರೆ ಏನೋ ಹಿಡಿದಿದೆ. ಜೋಳದ ರಾಶಿಯಲ್ಲಿ ನಿನ್ನ ಕಣ್ಣು ಮುಟ್ಟಿದ ದಿನದಿಂದ ನಾಲಿಗೆಯ ತುದಿಯಲ್ಲಿ ಒಂದು ಚೂರು ಕೂತಿದೆ. ರೊಟ್ಟಿ ತಿಂದರೂ ಇದೆ, ನೀರು ಕುಡಿದರೂ ಇದೆ. ಉಪ್ಪು ಹಚ್ಚಿ ತಿಕ್ಕಿದೆ, ಬೇವಿನ ಕಡ್ಡಿಯಿಂದ ಕೆರೆದೆ. ಸೊಸೆ ಮೊಬೈಲಿನ ಬ್ಯಾಟರಿ ಹಚ್ಚಿ ನೋಡಿ, ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಇದೆ ಅನ್ನಪೂರ್ಣೇಶ್ವರಿ. ನನಗೆ ಗೊತ್ತಾಗುತ್ತದೆ.

ಒಂದೇ ಕೇಳುತ್ತೇನೆ. ಹುಬ್ಬಳ್ಳಿಯಲ್ಲಿ ಡಾಕ್ಟರು ನಿನ್ನ ಬಲಗಣ್ಣಿನಿಂದ ತೆಗೆದದ್ದು ಏನು? ಎಲ್ಲಿತ್ತು ಅದು? ಬೇರೆ ಏನನ್ನೂ ಬರೆಯದಿದ್ದರೂ ಚಿಂತೆಯಿಲ್ಲ.

ನಿನ್ನ ಅವ್ವ
ಚನ್ನವ್ವ


ನರಗುಂದ
6 ಸೆಪ್ಟೆಂಬರ್ 2024

ಅವ್ವಗೆ,

ನಿನ್ನ ಕಾಗದ ಮನೆಗೇ ಬಂತು. ಪುಣ್ಯಕ್ಕೆ ಬಾಗಿಲಲ್ಲಿ ನಾನೇ ಇದ್ದೆ. ಇನ್ನು ಮುಂದೆ ಬರೆದರೆ ನನ್ನ ಗೆಳತಿ ಜಹೀದಾಳ ಗುಂಡಿ-ದಾರದ ಅಂಗಡಿಯ ವಿಳಾಸಕ್ಕೆ ಬರೆ. ಕೆಳಗೆ ಕೊಟ್ಟಿದ್ದೇನೆ.

ಕೇಳಿದ್ದಕ್ಕೆ ಉತ್ತರ. ಅರ್ಧ ಜೋಳದ ಹೊಟ್ಟು. ಎಳ್ಳಿನಷ್ಟು. ಮೇಲಿನ ರೆಪ್ಪೆಯ ಒಳಗೆ, ಮೂಗಿನ ಕಡೆಯ ಮೂಲೆಯಲ್ಲಿ ಅಂಟಿಕೊಂಡಿತ್ತು. ಡಾಕ್ಟರು ರೆಪ್ಪೆ ಮಡಚಿ ತೆಗೆದು ಬಿಳಿ ಅರಿವೆಯ ಮೇಲಿಟ್ಟು ತೋರಿಸಿದರು. ಹನ್ನೆರಡು ದಿನ ಅದು ಅಲ್ಲಿತ್ತು. ರೆಪ್ಪೆ ಹೊಡೆದಾಗೊಮ್ಮೆ ಕಣ್ಣನ್ನು ಕೆರೆದಿದೆ. ಕೆರೆದಲ್ಲಿ ಹುಣ್ಣಾಗಿ, ಹುಣ್ಣು ಮಾಗಿ ಈಗ ಮೊಸರಿನ ಹನಿಯಂಥ ಬಿಳಿ ಕಲೆ ಉಳಿದಿದೆ. ಆ ಕಣ್ಣಿಗೆ ಬೆಳಕು ಇದೆ ಎಂಬುದು ಗೊತ್ತಾಗುತ್ತದೆ. ಬೆಳಕಿನಲ್ಲಿ ಯಾರಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಸೂಜಿಗೆ ದಾರ ಪೋಣಿಸುವುದು, ಕುಬಸ ಹೊಲಿಯುವುದು ಎಲ್ಲ ಎಡಗಣ್ಣಿನಿಂದ.

ಆ ಡಾಕ್ಟರು ಕೇಳಿದರು, ಹನ್ನೆರಡು ದಿನ ಇದನ್ನಿಟ್ಟುಕೊಂಡು ಹೇಗಿದ್ದೆಯಮ್ಮ, ಬೇರೆಯವರಾದರೆ ಹನ್ನೆರಡು ನಿಮಿಷ ತಾಳುತ್ತಿರಲಿಲ್ಲ ಎಂದು. ನೋವಿರಲಿಲ್ಲ ಸರ್ ಅಂದೆ. ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಅರಳೆ ತೆಗೆದುಕೊಂಡು ಬತ್ತಿ ಹೊಸೆದಂತೆ ಹೊಸೆದು, ಎಳೆಯಷ್ಟು ತೆಳ್ಳಗೆ ಮಾಡಿ, ಚಲೋ ಇದ್ದ ಎಡಗಣ್ಣನ್ನು ಮೊದಲು ಮುಟ್ಟಿದರು. ಎಲ್ಲೋ ದೂರದಲ್ಲಿ ಯಾರೋ ಮುಟ್ಟಿದಂತಾಯಿತು. ಬಲಗಣ್ಣನ್ನು ಮುಟ್ಟಿದರು. ಅವ್ವ, ಆ ಅರಳೆ ಬರುವುದನ್ನು ಕಂಡೆ, ಹೋಗುವುದನ್ನು ಕಂಡೆ. ನಡುವೆ ಏನೂ ಆಗಲಿಲ್ಲ. ನನ್ನ ಕಣ್ಣು ರೆಪ್ಪೆ ಹೊಡೆಯಲೇ ಇಲ್ಲ.

ಅಲ್ಲಿಂದ ಇನ್ನೊಬ್ಬ ಡಾಕ್ಟರು, ನರದವರು. ದೊಡ್ಡ ಮಷೀನಿನೊಳಗೆ ಮಲಗಿಸಿದರು, ಬೆನ್ನಿನ ನೀರು ತೆಗೆದರು. ಬೇನೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಎಲ್ಲರೂ ಎಂ.ಎಸ್. ಅನ್ನುತ್ತಾರೆ. ಮಿದುಳಿನಿಂದ ಮೈಗೆ ಹೋಗುವ ನರಗಳ ಮೇಲೊಂದು ಹೊದಿಕೆ ಇರುತ್ತದೆಯಂತೆ, ಮೈಯೇ ಅದನ್ನು ತಿಂದು ಹಾಕುತ್ತದಂತೆ. ಚಿನ್ನುವಿನ ಅಪ್ಪ ಸುಮ್ಮನೆ ಕೇಳಿಸಿಕೊಂಡು, "ಅಂದ್ರ ವೈಂಡಿಂಗ್ ವೈರಿನ ಮ್ಯಾಲಿನ ವಾರ್ನಿಷ್ ಹೋಗೇತ್ರಿ" ಅಂದರು. ಡಾಕ್ಟರು, ಅಗದೀ ಹಾಗೆ ಅಂದರು. ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಪ್ಪಲಿ ಕಳಚಿದ್ದು ಗೊತ್ತಾಗದೆ ಮನೆಯವರೆಗೆ ನಡೆದು ಬಂದಿದ್ದೆನಲ್ಲ, ನೀವೆಲ್ಲ ನಕ್ಕಿದ್ದಿರಿ, ಅದೂ ಇದೇ. ಈ ಬೇನೆ ಇದ್ದವರಲ್ಲಿ ಕಣ್ಣಿನ ಮೇಲ್ಪೊರೆಯ ಸಂವೇದನೆ ಕಡಿಮೆಯಾಗುವುದುಂಟಂತೆ. ಎಷ್ಟೋ ಮಂದಿಗೆ ಅದು ತಿಳಿಯುವುದೇ ಇಲ್ಲವಂತೆ.

ಬೇನೆ ನಿನ್ನಿಂದ ಬಂದದ್ದಲ್ಲ. ಅದನ್ನು ಇವರೂ ಒಪ್ಪುತ್ತಾರೆ. ಆದರೆ ಬಿಳಿ ಕಲೆ ನಿನ್ನ ನಾಲಿಗೆಯಿಂದ ಎನ್ನುತ್ತಾರೆ. ಮೋಟಾರು ಬಿಚ್ಚಿ ಬಿಚ್ಚಿ ಇವರಿಗೆ ಅದೊಂದು ರೂಢಿಯಾಗಿದೆ. ಕೆಟ್ಟದ್ದು ಎಲ್ಲಿಂದ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವವರೆಗೆ ಊಟ ಸೇರುವುದಿಲ್ಲ.

ಸದ್ಯ ಬರಬೇಡ.

ಅನ್ನಪೂರ್ಣೇಶ್ವರಿ


ಅಸೂಟಿ
24 ಸೆಪ್ಟೆಂಬರ್ 2024

ನನ್ನವ್ವ ಅನ್ನಪೂರ್ಣೇಶ್ವರಿ,

ಮೇಲಿನ ರೆಪ್ಪೆ ಎಂದು ಬರೆದಿದ್ದೀ. ಮೂಗಿನ ಕಡೆಯ ಮೂಲೆ ಎಂದು ಬರೆದಿದ್ದೀ. ಆ ಸಾಲು ಹಾಳೆಯಲ್ಲಿ ಎಲ್ಲಿದೆ ಎಂಬುದು ಈಗ ನನಗೆ ಬಾಯಿಪಾಠ.

ನಿನ್ನ ಬೇನೆಯ ಹೆಸರನ್ನು ಶಶಿಕಾಂತನಿಗೆ ತೋರಿಸಿದೆ. ಅವನು ಓದಿ ಹೊರಗೆ ಹೋಗಿ ದನಗಳಿಗೆ ಮೇವು ಹಾಕಿದ. ಆಗಲೇ ಹಾಕಿದ್ದ, ಮತ್ತೆ ಹಾಕಿದ.

ನಾನು ಈ ಕೆಲಸ ಕಲಿತದ್ದು ನನ್ನ ಅತ್ತೆಯಿಂದ. ಮದುವೆಯಾಗಿ ಬಂದ ಮೂರನೆಯ ವರ್ಷ. ಉಪ್ಪುನೀರಿನಿಂದ ಮೂರು ಸಲ ಬಾಯಿ ಮುಕ್ಕಳಿಸಬೇಕು. ಹೆಬ್ಬೆರಳಿನಿಂದ ರೆಪ್ಪೆ ಎತ್ತಬೇಕು. ನಾಲಿಗೆಯ ತುದಿಯನ್ನು ಮೂಗಿನ ಕಡೆಯಿಂದ ಹೊರಗೆ ಒಂದು ಸಲ ಎಳೆಯಬೇಕು, ನಿಂತು, ಇನ್ನೊಂದು ಸಲ. ಎರಡು ಸಲ ಎಳೆಯದೆ ಬಿಡಬಾರದು. ಅತ್ತೆ ಹೇಳುತ್ತಿದ್ದಳು, ಮಂದಿಯ ಬಾಯಿ ಕೇಳಬೇಡ, ಕಣ್ಣನ್ನೇ ಕೇಳು ಎಂದು. ಕಸ ಇದ್ದರೆ ಕಣ್ಣು ಅಳುಕುತ್ತದೆ. ಕಸ ಹೋದರೆ ಸಡಿಲಾಗುತ್ತದೆ. ಕಿವಿ ಕೆಟ್ಟ ಮೇಲೂ ನನ್ನ ಕೆಲಸ ಕೆಡದೆ ಇದ್ದದ್ದು ಅದರಿಂದಲೇ. ಹೊಲದ ದಾರಿಯಲ್ಲಿ ಮುಖ ತಿರುಗಿಸಿಕೊಂಡು ಹೋಗುವವರೂ ರಾಶಿಯ ಕಾಲಕ್ಕೆ ನನ್ನ ಮುಂದೆ ಮುಖ ಮೇಲೆತ್ತಿ ಕೂರುತ್ತಿದ್ದರು. ಅದರ ಸೊಕ್ಕು ನನಗೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆವತ್ತು ಫೆಬ್ರುವರಿಯ ಕೊನೆಯ ವಾರ, ನಮ್ಮ ಎರೆಹೊಲದಲ್ಲಿ ಜೋಳದ ರಾಶಿ. ನೀನು ರಾಶಿಗೆಂದು ತವರಿಗೆ ಬಂದಿದ್ದೆ. ಮಷೀನಿನ ಬಾಯಿಂದ ಹೊಟ್ಟು ಹಾರುತ್ತಿತ್ತು. ನಿನ್ನ ಕಣ್ಣು ಕೆಂಪಾದದ್ದನ್ನು ಕಂಡವಳು ಮಾನವ್ವ, ನೀನಲ್ಲ. ಅವಳೇ ಕೈಹಿಡಿದು ಎಳೆದುಕೊಂಡು ಬಂದು ನನ್ನ ಮುಂದೆ ಕೂರಿಸಿದಳು. ನಿನ್ನ ಹಿಂದೆ ಇನ್ನೂ ಮೂವರು ಕೂತಿದ್ದರು. ನಾನು ನಾಲಿಗೆ ಎಳೆದೆ. ಆಮೇಲೆ, "ಹೋತೇನವ್ವಾ?" ಎಂದು ಕೇಳಿದೆ. ನೀನು ತಲೆಯಾಡಿಸಿ, "ಹೋತು" ಅಂದೆ. ನಿನ್ನ ತುಟಿ ನೋಡಿ ತಿಳಿದೆ.

ಎಲ್ಲರ ಕಣ್ಣಿಗೂ ಒಂದು ರುಚಿ ಇರುತ್ತದೆ. ಕಸ ಬಿದ್ದ ಕಣ್ಣು ನೀರು ಸುರಿಸುತ್ತಿರುತ್ತದೆ, ನಾಲಿಗೆಗೆ ಉಪ್ಪು ಉಪ್ಪು. ನಿನ್ನ ಕಣ್ಣು ಒಣಗಿತ್ತು. ಸಪ್ಪಗಿತ್ತು. ಅಂಥ ಕಣ್ಣು ನನ್ನ ನಾಲಿಗೆಗೆ ಅದಕ್ಕೂ ಮುಂಚೆ ಒಂದೇ ಸಲ ಸಿಕ್ಕಿತ್ತು. ಅದನ್ನು ಈಗ ಬರೆಯುವುದಿಲ್ಲ.

ಎಡಗಣ್ಣನ್ನು ಹೇಗೆ ಕಾಯುತ್ತೀ? ಅದನ್ನು ಬರೆ.

ನಿನ್ನ ಅವ್ವ


ನರಗುಂದ
4 ನವೆಂಬರ್ 2024

ಅವ್ವ,

ತಡವಾಯಿತು. ದೀಪಾವಳಿಯ ಕುಬಸಗಳಿದ್ದವು. ಮೊದಲು ದಿನಕ್ಕೆ ಐದು ಹೊಲಿಯುತ್ತಿದ್ದವಳು ಈಗ ಎರಡಕ್ಕೆ ದಣಿಯುತ್ತೇನೆ. ಅದೂ ಒಂದು ಕಾರಣ. ಇನ್ನೊಂದು ಕಾರಣ ಈ ಕಾಗದದ ಕೊನೆಗೆ ಬರುತ್ತದೆ.

ಎಡಗಣ್ಣನ್ನು ಕಾಯುವುದೆಂದರೆ ಹೀಗೆ. ಎರಡು ತಾಸಿಗೊಮ್ಮೆ ಕಣ್ಣೀರಿನಂಥ ಔಷಧಿ ಬಿಟ್ಟುಕೊಳ್ಳಬೇಕು, ನನ್ನ ಕಣ್ಣೀರು ಕಡಿಮೆಯಾಗಿದೆ. ಹೊರಗೆ ಹೋಗುವಾಗ ನಾಲ್ಕೂ ಕಡೆ ಮುಚ್ಚಿದ ಕನ್ನಡಕ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಬ್ಯಾಟರಿ ಹಿಡಿದು ರೆಪ್ಪೆ ಮಡಚಿ ನೋಡಬೇಕು, ಕೆಂಪಿದೆಯೇ, ಕಸವಿದೆಯೇ, ಕರಿಗುಡ್ಡೆಯ ಮೇಲೆ ಮಂಜು ಕವಿದಂತಿದೆಯೇ ಎಂದು. ನೋವಾದರೆ ಬರುತ್ತೇನೆ ಎಂದು ಕೂರಬೇಡ, ನಿನ್ನ ಕಣ್ಣು ನಿನಗೆ ಸುದ್ದಿ ಕೊಡುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು.

ನನ್ನ ಕಣ್ಣನ್ನು ನಾನೇ ನೋಡಿಕೊಳ್ಳಲು ಆಗುತ್ತಿಲ್ಲ. ಕನ್ನಡಿಯ ಮುಂದೆ ನಿಂತರೆ ಬಲಗಡೆಯ ಕಣ್ಣು ನನ್ನನ್ನು ನೋಡುತ್ತಿರುತ್ತದೆ. ಬೇರೆ ಯಾರೋ ನನ್ನ ಮುಖದಲ್ಲಿ ಬಂದು ಕೂತು, ನಾನು ಏನು ಮಾಡುತ್ತೇನೆ ಎಂದು ಕಾಯುತ್ತಿದ್ದಂತೆ. ಒಂದು ದಿನ ಕನ್ನಡಿಗೆ ಟವೆಲ್ಲು ಹೊದಿಸಿದೆ. ಚಿನ್ನು ಸಾಲೆಯಿಂದ ಬಂದು ಅದನ್ನು ತೆಗೆಯಲಿಲ್ಲ, ಯಾಕೆ ಎಂದು ಕೇಳಲೂ ಇಲ್ಲ. ಮೊದಲು ಅವಳೇ ಬ್ಯಾಟರಿ ಹಿಡಿಯುತ್ತಿದ್ದಳು. ಹತ್ತು ವರ್ಷದ ಕೂಸು. ಹೋದ ತಿಂಗಳು ಎಡಗಣ್ಣು ಒಂದು ದಿನವಿಡೀ ಕೆಂಡದಂತೆ ಕೆಂಪಾಗಿದ್ದಾಗ ಕಂಡವಳು ಅವಳೇ. ನನಗೆ ಗೊತ್ತೇ ಇರಲಿಲ್ಲ. ಔಷಧಿಯಿಂದ ಕಡಿಮೆಯಾಯಿತು. ಆದರೆ ಆವತ್ತಿನಿಂದ ಅವಳು ಹತ್ತಿರ ಬರುವುದಿಲ್ಲ. ಕರೆದರೆ, "ಮಮ್ಮಿ, ನನಗ ಅಂಜಿಕಿ ಬರ್ತೈತಿ" ಎಂದು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಾಳೆ. ಇವರು ನೋಡುತ್ತಾರೆ, ಊರಲ್ಲಿದ್ದ ದಿನ. ಹಿಂಗಾರಿ ಹಂಗಾಮಿನಲ್ಲಿ ಹೊಲದ ಮೋಟಾರುಗಳು ಸುಟ್ಟಷ್ಟು ಇವರಿಗೆ ತಿರುಗಾಟ.

ಈಗ ಆ ಇನ್ನೊಂದು ಕಾರಣ.

ಹೋದ ವರ್ಷದ ಸಂಕ್ರಾಂತಿಗೂ ಮುಂಚೆಯೇ ನನಗೆ ಗೊತ್ತಿತ್ತು ಅವ್ವ. ಮಸಾಲೆ ಖಾರ ಕುಟ್ಟುವಾಗ ಜಹೀದಾ, ನಾನು, ಓಣಿಯ ನಾಲ್ಕು ಮಂದಿ ಇದ್ದೆವು. ಎಲ್ಲರಿಗೂ ಕೆಮ್ಮು, ಕಣ್ಣಲ್ಲಿ ನೀರು. ನಾನು ಖಾರದ ಕೈಯಿಂದಲೇ ಬಲಗಣ್ಣು ಒರೆಸಿಕೊಂಡೆ. ಅಯ್ಯಯ್ಯೋ ಎಂದು ಜಹೀದಾ ನೀರು ತರಲು ಓಡಿದಳು. ನನಗೆ ಏನೂ ಆಗಿರಲಿಲ್ಲ. ಸುಮ್ಮನೆ ಉರಿದಂತೆ ಮಾಡಿದೆ. ಮರುದಿನ ಒಬ್ಬಳೇ ಇದ್ದಾಗ ಸೆರಗಿನ ತುದಿಯಿಂದ ಕಣ್ಣು ಮುಟ್ಟಿ ನೋಡಿಕೊಂಡೆ. ಮುಟ್ಟಿದ್ದು ಗೊತ್ತಾಗಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಖರೆಯಾಗುತ್ತದೆ ಎಂದು ಅಂಜಿದೆ. ಹೊಲಿಯುವವಳ ಕಣ್ಣು ಕೆಟ್ಟಿದೆ ಎಂದು ಊರಿಗೆ ಗೊತ್ತಾದರೆ ಯಾರು ಬಟ್ಟೆ ತಂದು ಕೊಡುತ್ತಾರೆ?

ರಾಶಿಯ ದಿನ ನೀನು "ಹೋತೇನವ್ವಾ" ಎಂದಾಗ ಹೋತು ಅಂದೆ. ಬಂದದ್ದೇ ಗೊತ್ತಿಲ್ಲದವಳಿಗೆ ಹೋದದ್ದು ಹೇಗೆ ಗೊತ್ತಾಗಬೇಕು? ಹಿಂದೆ ಮಂದಿ ಕಾಯುತ್ತಿದ್ದರು, ನಿನ್ನ ಮುಖದಲ್ಲಿ ಏನೋ ಆಗಿತ್ತು, ಲಗೂ ಎದ್ದು ಹೋದರೆ ಸಾಕೆನಿಸಿತ್ತು. ಆಮೇಲೆ ಇವರು ನಿನ್ನನ್ನು ಬಾಗಿಲಿಂದ ತಿರುಗಿಸಿ ಕಳಿಸುವಾಗ ನಾನು ಒಳಗೆ ಮಂಚದ ಮೇಲೆ ಕೂತು ಕೇಳುತ್ತಿದ್ದೆ. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಎಂಟು ತಿಂಗಳು ಇವರು ನಿನ್ನ ಮೇಲೆ ಬೆರಳಿಡಲಿ ಎಂದು ಬಿಟ್ಟೆ. ಈಗಲೂ ಇವರಿಗೆ ಹೇಳಿಲ್ಲ.

ತಪ್ಪು ನನ್ನದು. ನಿನ್ನ ನಾಲಿಗೆಯ ಮೇಲಿನ ಆ ಚೂರನ್ನು ಉಗುಳಿಬಿಡು.

ಅನ್ನಪೂರ್ಣೇಶ್ವರಿ


ಅಸೂಟಿ
28 ನವೆಂಬರ್ 2024

ಅನ್ನಪೂರ್ಣೇಶ್ವರಿ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಮೊದಲ ದಿನ ಓದಿ ಹಗುರಾದೆ. ಹೌದು, ಹಗುರಾದೆ, ಸುಳ್ಳು ಯಾಕೆ ಹೇಳಲಿ. ತಪ್ಪು ನನ್ನದಲ್ಲವಂತೆ ಎಂದು ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡೆ. ಉಂಡು ಬಾಯಿ ತೊಳೆದುಕೊಳ್ಳುವಾಗ ಆ ಚೂರು ಅಲ್ಲೇ ಇತ್ತು. ಅದಕ್ಕೆ ನಿನ್ನ ಕಾಗದ ಓದಲು ಬರುವುದಿಲ್ಲ.

ಅಂದಿನಿಂದ ಬರೆಯಲೋ ಬೇಡವೋ ಎಂದು ನೋಡುತ್ತಿದ್ದೇನೆ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೀನು ಅಳಿಯನಿಗೆ ನಿನ್ನ ಮಾತು ಹೇಳುತ್ತೀ, ಅವರು ನನ್ನನ್ನು ಕರೆಸುತ್ತಾರೆ, ನಾನು ಬಂದು ನಿನ್ನ ಮನೆಯಲ್ಲಿ ಉಣ್ಣುತ್ತೇನೆ. ಆದರೆ ನೀನು ನಿನ್ನದನ್ನು ಬರೆದಿದ್ದೀ. ಅದರ ಹಿಂದೆ ಅಡಗಿ ಕೂರಲು ನನಗೆ ಆಗುತ್ತಿಲ್ಲ.

ನಿನ್ನಪ್ಪ ಹೋಗಿ ಈ ಫೆಬ್ರುವರಿಗೆ ಹನ್ನೊಂದು ವರ್ಷ ತುಂಬಿತ್ತು. ಅವರು ರಾಶಿಯ ಮಗ್ಗುಲಿಗೇ ಬಿದ್ದರು, ಅಷ್ಟು ನಿನಗೆ ಗೊತ್ತು. ಎದೆ ಹಿಡಿದುಕೊಂಡವರು ಮಾತೇ ಆಡಲಿಲ್ಲ. ಮಷೀನು ಬಂದ್ ಮಾಡುವುದು ಯಾರಿಗೂ ನೆನಪಾಗಲಿಲ್ಲ. ಟ್ರ್ಯಾಕ್ಟರ್ ತರಲು ಎಲ್ಲರೂ ರಸ್ತೆಯ ಕಡೆ ಓಡಿದರು. ನಾನೊಬ್ಬಳೇ ಉಳಿದೆ. ಅವರ ಕಣ್ಣು ತೆರೆದೇ ಇದ್ದವು. ಹೊಟ್ಟು ಹಾರಿ ಬಂದು ತೆರೆದ ಕಣ್ಣಿನ ಮೇಲೆ ಕೂರುತ್ತಿತ್ತು. ರೆಪ್ಪೆ ಮುಚ್ಚಬೇಕು ಎಂಬುದು ಗೊತ್ತಿತ್ತು. ಕಸದ ಮೇಲೆ ಹೇಗೆ ಮುಚ್ಚಲಿ? ಊರಿನ ಕಣ್ಣೆಲ್ಲ ತೊಳೆದವಳು ನಾನು. ಬಗ್ಗಿ ನಾಲಿಗೆಯಿಂದ ತೆಗೆದೆ. ಆ ಕಣ್ಣು ಅಳುಕಲಿಲ್ಲ. ಅದಕ್ಕೆ ಉಪ್ಪಿರಲಿಲ್ಲ. ಅದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಹನ್ನೊಂದು ವರ್ಷದ ಮೇಲೆ ಅದೇ ಹೊಲ, ಅದೇ ಹೊಟ್ಟು. ನಿನ್ನ ಬಲಗಣ್ಣಿನ ಮೇಲೆ ನಾಲಿಗೆ ಇಟ್ಟೆ. ಅದೇ ಕಣ್ಣು. ಅದೇ ಸಪ್ಪೆ. ಅಳುಕಲಿಲ್ಲ. ನೀನು ನನ್ನ ಮುಂದೆ ಕೂತು ಉಸಿರಾಡುತ್ತಿದ್ದೀ, ನನ್ನ ನಾಲಿಗೆಯ ಕೆಳಗೆ ನಿನ್ನಪ್ಪನ ಕಣ್ಣು.

ಒಂದು ಸಲ ಎಳೆದಿದ್ದೆ. ಮೇಲಿನ ರೆಪ್ಪೆಯ ಒಳಗೆ, ಮೂಗಿನ ಕಡೆಯ ಮೂಲೆಯಲ್ಲಿ ನಾಲಿಗೆಗೆ ಚುಚ್ಚಿತು. ಹೊಟ್ಟು. ನಲವತ್ತು ವರ್ಷ ಪಳಗಿದ ನಾಲಿಗೆ, ಅದಕ್ಕೆ ಮೋಸವಾಗುವುದಿಲ್ಲ. ಇನ್ನೊಂದು ಸಲ ಎಳೆದಿದ್ದರೆ ಬರುತ್ತಿತ್ತು. ನಾನು ನಾಲಿಗೆ ಹಿಂದಕ್ಕೆ ತೆಗೆದುಕೊಂಡೆ. ಅಂಜಿದೆ ನನ್ನವ್ವ. ಇನ್ನೊಮ್ಮೆ ಮುಟ್ಟಿದರೆ ನೀನೂ ತಣ್ಣಗಾಗುತ್ತೀ ಅನಿಸಿತು. ಹೋತೇನು ಎಂದು ಕೇಳಿದ್ದು, ಇಲ್ಲ ಎಂದು ನೀನೇ ಹೇಳಿದರೆ ಆಗ ಒತ್ತಾಯಕ್ಕಾದರೂ ಮಾಡುತ್ತೇನೆ ಎಂದು. ನೀನು ಹೋತು ಅಂದೆ. ನಾನು ಮುಖ ತಿರುಗಿಸಿ ಮುಂದಿನವರನ್ನು ಕರೆದೆ.

ಮಂದಿಯ ಬಾಯಿ ಕೇಳಬೇಡ ಎಂದಿದ್ದಳು ಅತ್ತೆ. ನಿನ್ನ ಬಾಯಿ ಕೇಳಿದೆ, ಯಾಕೆಂದರೆ ಅದು ನನಗೆ ಬೇಕಾದದ್ದನ್ನು ಹೇಳಿತು.

ನಿನ್ನ ಸುಳ್ಳು ನಿನ್ನದು, ಅದನ್ನು ಗಂಡನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಆ ಚೂರು ಅಲ್ಲಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ನಿನಗೆ ಗೊತ್ತಿರಲಿಲ್ಲ. ನಿನ್ನ ಕಣ್ಣಿಗೂ ಗೊತ್ತಿರಲಿಲ್ಲ.

ಚನ್ನವ್ವ


ನರಗುಂದ
2 ಜನವರಿ 2025

ಅತ್ತೆಯವರಿಗೆ ಕಳಕಪ್ಪ ಬರೆಯುವುದು.

ಈ ಸಲವೂ ಬಿಲ್ಲಿನ ಬೆನ್ನಿನ ಮೇಲೆಯೇ ಬರೆಯುತ್ತಿದ್ದೇನೆ. ಮೂರು ಬಿಲ್ಲು ಬೇಕಾದವು. ನಂಬರು ಹಾಕಿದ್ದೇನೆ, ಅದೇ ಕ್ರಮದಲ್ಲಿ ಓದಿ.

ಡಿಸೆಂಬರ್ ಎರಡನೆಯ ವಾರ ಇವಳ ಎರಡೂ ಕೈ ಜೋಮು ಹಿಡಿದವು. ಕತ್ತರಿ ಕೈಯಿಂದ ಬಿದ್ದದ್ದು ಸಪ್ಪಳದಿಂದ ಗೊತ್ತಾಯಿತಂತೆ. ಹುಬ್ಬಳ್ಳಿಯಲ್ಲಿ ಐದು ದಿನ ಸಲೈನಿನಲ್ಲಿ ಔಷಧಿ ಕೊಟ್ಟರು. ಈಗ ಮನೆಯಲ್ಲಿದ್ದಾಳೆ. ನಡೆಯುತ್ತಾಳೆ. ಪೆನ್ನು ಹಿಡಿಯಲು ಬರುವುದಿಲ್ಲ. ಎಡಗಣ್ಣಿಗೆ ಅಕ್ಷರ ಮಸುಕಾಗಿ ಕಾಣುತ್ತಿವೆ. ಮೆಲ್ಲಗೆ ಸುಧಾರಿಸಬಹುದು ಎಂದಿದ್ದಾರೆ. ಶಶಿಕಾಂತನಿಗೆ ಫೋನಿನಲ್ಲಿ ಆರಾಮ ಎಂದೇ ಹೇಳಿದೆ. ಅದು ನನ್ನ ತಪ್ಪು.

ನಿಮ್ಮ ನವೆಂಬರ್ ಕಾಗದ ಜಹೀದಾಬಾಯಿಯವರ ಅಂಗಡಿಯಲ್ಲೇ ಉಳಿದಿತ್ತು. ಎಳ್ಳಮಾಸೆಯ ದಿನ ಅವರು ಮನೆಗೆ ತಂದುಕೊಟ್ಟರು. ಕಾಗದ ಬರೆಯುತ್ತೀರಿ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಇವಳು ನನಗೇ ಕೊಟ್ಟು ಓದಿ ಹೇಳಿ ಅಂದಳು. ಓದಿದೆ. ನಡುವೆ ನಿಲ್ಲಿಸಿದೆ. ಓದ್ರಿ ಅಂದಳು. ಕೊನೆಯವರೆಗೆ ಓದಿದೆ. ಆಮೇಲೆ ಖಾರ ಕುಟ್ಟಿದ ದಿನದ್ದು, ಮುಚ್ಚಿಟ್ಟದ್ದು, ಎಲ್ಲವನ್ನೂ ತಾನೇ ಹೇಳಿದಳು. ನಾನು ಎದ್ದು ಅಂಗಡಿಗೆ ಹೋಗಿ ಒಂದು ಕಾಯಿಲ್ ಸುತ್ತಲು ಕೂತೆ. ಸುತ್ತು ಎಣಿಸುವುದು ಮೂರು ಸಲ ತಪ್ಪಿತು. ಇಪ್ಪತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಕೆಟ್ಟದ್ದು ಒಂದೇ ಕಡೆಯಿಂದ ಶುರುವಾಗಿರುತ್ತದೆ ಎಂದು ತಿಳಿದಿದ್ದೆ. ನಾನು ಬಿಚ್ಚಿ ನೋಡಿದ ಮೋಟಾರುಗಳಲ್ಲಿ ಹಾಗೆಯೇ ಇರುತ್ತಿತ್ತು.

ಸಂಜೆ ಮನೆಗೆ ಬಂದಾಗ ಇವಳು ಹಾಗೇ ಕೂತಿದ್ದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ನಿಮ್ಮನ್ನು ಒಂದು ಮಾತು ಕೇಳಿ ಬರೆಯಲು ಹೇಳಿದಳು. ಅವಳು ಅಂದದ್ದನ್ನು ಅಂದಂತೆಯೇ ಬರೆಯುತ್ತೇನೆ.

"ಅವ್ವಗ ಒಂದ ಕೇಳ್ರಿ. ಅಪ್ಪನ ಕಣ್ಣಾಗಿನ ಕಸ ಪೂರಾ ತಗದ್ಲೇನು?"

ಅಷ್ಟೇ ಕೇಳಿದಳು.

ಇನ್ನು ನನ್ನ ಮಾತು. ದಿನಕ್ಕೆ ಎರಡು ಸಲ ಆ ಎಡಗಣ್ಣಿನ ರೆಪ್ಪೆ ಮಡಚಿ ಯಾರಾದರೂ ನೋಡಲೇಬೇಕು. ಅದೂ ಹೋದರೆ ಇವಳಿಗೆ ಕತ್ತಲೆ. ಚಿನ್ನು ಹತ್ತಿರ ಬರುವುದಿಲ್ಲ. ನಾನು ನೋಡುತ್ತೇನೆ, ಆದರೆ ನನ್ನ ಕೈ ಎಷ್ಟು ತೊಳೆದರೂ ವಾರ್ನಿಷ್ ಬಿಡುವುದಿಲ್ಲ, ಈ ಕೈಯಿಂದ ಮುಟ್ಟಬೇಡಿ ಎಂದು ಡಾಕ್ಟರು ಬೈದರು. ವಾರದಲ್ಲಿ ನಾಲ್ಕು ದಿನ ನಾನು ಊರಲ್ಲಿ ಇರುವುದೂ ಇಲ್ಲ. ರೆಪ್ಪೆ ಮಡಚಲು ಗೊತ್ತಿರುವವರು ನಮ್ಮ ಎರಡೂ ಮನೆಯಲ್ಲಿ ನೀವೊಬ್ಬರೇ.

ಬನ್ನಿ. ನಾಲಿಗೆ ಮುಟ್ಟಿಸುವಂತಿಲ್ಲ. ಸಾಬೂನಿನಿಂದ ಕೈ ತೊಳೆಯಬೇಕು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು.

ಇದನ್ನು ಕ್ಷಮೆ ಎಂದು ತಿಳಿಯಬೇಡಿ. ಇವಳ ಮೇಲೆ, ನಿಮ್ಮ ಮೇಲೆ, ನನ್ನ ಮೇಲೆ, ಯಾರ ಮೇಲೆ ಎಷ್ಟು ಸಿಟ್ಟಿದೆ ಎಂಬುದು ನನಗೇ ಇನ್ನೂ ತಿಳಿದಿಲ್ಲ. ಶಿವರಾತ್ರಿಯ ಆ ಚೀಟಿ ನಿಮ್ಮ ಹತ್ತಿರ ಇದ್ದರೆ ತನ್ನಿ. ಬರೆದವನು ನಾನು, ನಾನೇ ತೆಗೆದುಕೊಳ್ಳುತ್ತೇನೆ.

ಕಳಕಪ್ಪ


ಅಸೂಟಿ
10 ಜನವರಿ 2025

ಅನ್ನಪೂರ್ಣೇಶ್ವರಿಗೆ. ಕಳಕಪ್ಪನವರು ಓದಿ ಹೇಳಬೇಕು.

ಗುರುವಾರ ಮುಂಜಾನೆ ಶಶಿಕಾಂತ ನನ್ನನ್ನು ರೋಣದಲ್ಲಿ ಬಸ್ಸು ಹತ್ತಿಸುತ್ತಾನೆ. ನರಗುಂದದಲ್ಲಿ ಇಳಿದು ಗುಡ್ಡದ ಕಡೆ ಮುಖ ಮಾಡಿ ನಿಂತಿರುತ್ತೇನೆ, ಹಾರ್ನು ಹೊಡೆದು ಪ್ರಯೋಜನವಿಲ್ಲ, ಯಾರಾದರೂ ಬಂದು ಭುಜ ಮುಟ್ಟಿರಿ. ಹೊಸ ಸಾಬೂನು, ಹೊಸ ಬ್ಯಾಟರಿ ತಂದಿದ್ದೇನೆ. ಎರಡು ವರ್ಷದ ಹಿಂದೆ ಪೊರೆ ತೆಗೆಸಿಕೊಂಡಿದ್ದೆನಲ್ಲ, ನನ್ನ ಕಣ್ಣು ಚಲೋ ಕಾಣುತ್ತವೆ. ನಾಲ್ಕು ದಿನದಿಂದ ಸೊಸೆಯ ರೆಪ್ಪೆ ಮಡಚಿ ಮಡಚಿ ರೂಢಿ ಮಾಡುತ್ತಿದ್ದೇನೆ. ಮೊದಲ ದಿನ ರೆಪ್ಪೆ ಎತ್ತಿದ ಕೂಡಲೇ ನನ್ನ ನಾಲಿಗೆ ತಾನೇ ಹೊರಗೆ ಬಂತು. ಅವಳು ಹೆದರಿ ಎದ್ದಳು. ಈಗ ಹಲ್ಲು ಕಚ್ಚಿಕೊಂಡು ನೋಡುತ್ತೇನೆ.

ಚಿನ್ನುವಿಗೆ ಏನೂ ಒತ್ತಾಯ ಮಾಡಬೇಡಿ. ಅಂಜಿಕೆ ಏನೆಂಬುದು ನನಗೆ ಗೊತ್ತಿದೆ. ಬಾಗಿಲ ಹಿಂದೆ ನಿಂತರೆ ನಿಲ್ಲಲಿ. ಅಜ್ಜಿ ನೋಡುವುದನ್ನು ಅಲ್ಲಿಂದಲೇ ನೋಡಲಿ.

ಚೀಟಿ ತರುತ್ತೇನೆ. ನಾಲಿಗೆಯ ಮೇಲಿನದೂ ನನ್ನ ಜೊತೆ ಬರುತ್ತದೆ, ಅದನ್ನು ಎಲ್ಲಿ ಬಿಟ್ಟು ಬರಲಿ.

ಈಗ ನೀನು ಕೇಳಿದ್ದಕ್ಕೆ. ಇದನ್ನು ಎದುರು ಕೂತು ಹೇಳಲು ನನಗೆ ಧೈರ್ಯವಿಲ್ಲ, ಅದಕ್ಕೇ ನಾನು ಬರುವ ಮೊದಲು ಈ ಕಾಗದ ಬರಲಿ ಎಂದು ಇವತ್ತೇ ಹಾಕುತ್ತಿದ್ದೇನೆ.

ಪೂರಾ ತೆಗೆದೆ ನನ್ನವ್ವ. ನಿನ್ನಪ್ಪನ ಕಣ್ಣಿನಲ್ಲಿ ಒಂದು ಚೂರೂ ಉಳಿಸಲಿಲ್ಲ. ಒಂದು ಸಲ ಎಳೆದೆ, ನಿಂತೆ, ಇನ್ನೊಂದು ಸಲ ಎಳೆದೆ. ಆಮೇಲೆ ಮುಚ್ಚಿದೆ. ಬೇಕಿಲ್ಲದ ಕಣ್ಣಿಗೆ ಎರಡು ಸಲ, ನಿನ್ನ ಕಣ್ಣಿಗೆ ಒಂದೇ ಸಲ.

ಗುರುವಾರ ಸಂಜೆಯಿಂದ ನಿನ್ನ ಮುಂದೆ ಕೂರುತ್ತೇನೆ. ಏನೂ ಇಲ್ಲ ಬಿಡು ಎಂದು ನೀನು ಹೇಳಿದರೆ ನಂಬುವುದಿಲ್ಲ. ಬ್ಯಾಟರಿ ಹಚ್ಚಿ, ರೆಪ್ಪೆ ಮಡಚಿ, ಮೂಗಿನ ಕಡೆಯ ಮೂಲೆಯವರೆಗೆ ಒಂದು ಸಲ ನೋಡುತ್ತೇನೆ. ಬ್ಯಾಟರಿ ಆರಿಸಿ ಉಸಿರು ಬಿಟ್ಟು, ಇನ್ನೊಂದು ಸಲ ನೋಡುತ್ತೇನೆ.

ನಿನ್ನ ಅವ್ವ
ಚನ್ನವ್ವ